ಬೆಲ್ಲದಲ್ಲಿ ಹೊಳೆದ ಪುಡಿ

ಮೂಡಲಗಿಯ ದಾರಿಯಲ್ಲಿ ಗಾಣದ ಬಿಸಿಬೆಲ್ಲದ ವಾಸನೆ ಬಂದರೆ ಬಸ್ಸಿನವರೆಲ್ಲ ಕಿಟಕಿ ತೆರೆಯುತ್ತಾರೆ. ನಾನು ಮುಚ್ಚುತ್ತೇನೆ. ಆಗ ಪಕ್ಕದ ಮನೆಯಲ್ಲಿದ್ದ ಮೇಡಂ ನೆನಪಾಗುತ್ತಾರೆ.

ತೊಂಬತ್ತರ ದಶಕದ ಕೊನೆಯಿರಬೇಕು. ನಾವು ಗೋಕಾಕದಲ್ಲಿದ್ದೆವು. ಮೇಡಂ ದಡ್ಡಿ ಎಂಬ ಊರಿನ ಕಡೆಯವರು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಅದಕ್ಕೂ ಮೊದಲು ಔಷಧಿ ಪುಡಿಗಳ ಒಳರಚನೆಯನ್ನು ಅಭ್ಯಾಸ ಮಾಡಿದ್ದರಂತೆ. ನನ್ನ ತಂಗಿಗೆ ಫಿಟ್ಸ್ ಇತ್ತು. ಕ್ಯಾಪ್ಸೂಲ್ ನುಂಗಲಾರದವಳಿಗೆ ಅವ್ವ ಹೊತ್ತಿಗೊಂದನ್ನು ಬಿಚ್ಚಿ, ಪುಡಿಯನ್ನು ಬೆಲ್ಲದಲ್ಲಿ ಕಲಸಿ ಕೊಡುತ್ತಿದ್ದಳು. ಆ ಮಳೆಗಾಲ ಮಾತ್ರ ವಾರದ ಪುಡಿಯನ್ನೆಲ್ಲ ಒಮ್ಮೆಲೇ ಬೆಲ್ಲದಲ್ಲಿ ನಾದಿ, ಉಂಡೆ ಕಟ್ಟಿ ಡಬ್ಬಿಗೆ ಹಾಕಿದಳು. ನಿಂತಿದ್ದ ಫಿಟ್ಸ್ ಮತ್ತೆ ಬಂತು. ನೆಲಕ್ಕೆ ಬಡಿಯುತ್ತಿದ್ದ ತಂಗಿಯ ಹಿಮ್ಮಡಿ...

ಮೇಡಂ ಡಬ್ಬಿ ತೆರೆದು ನೋಡಿದರು. "ಏನಕ್ಕಾ, ಔಷಧಿದೂ ಕರದಂಟ ಮಾಡೀರೇನ?" ಎಂದು ಗೋಕಾಕದ ಬೆಲ್ಲದ ಸಿಹಿಯ ಹೆಸರೆತ್ತಿ ನಕ್ಕವರು, ಮರುಕ್ಷಣ ಗಂಭೀರರಾದರು. ಒಂದು ಉಂಡೆ, ಒಂದು ಹೊಸ ಕ್ಯಾಪ್ಸೂಲ್ ಹಿಡಿದು ನಮ್ಮನ್ನು ಕಾಲೇಜಿನ ಪ್ರಯೋಗಾಲಯಕ್ಕೆ ಕರೆದೊಯ್ದರು.

"ಈ ಪುಡಿಯೊಳಗ ಕಣಗೋಳು ಸಂತಿ ಮಂದಿ ಇದ್ದಂಗ, ಸಾಲಿಲ್ಲ ಪಾಳಿಲ್ಲ. ಅದಕ್ಕ ಲಗೂ ಕರಗತೈತಿ. ಹಸಿ ತಾಕಿದ್ರ ಪಾಳಿ ಹಚ್ಚಿ ನಿಂತಬಿಡ್ತಾವ. ಆಮ್ಯಾಲ ಹೊಟ್ಯಾಗ ಕರಗಾಕ ಒಲ್ಲೆ ಅಂತಾವ."

ಹೀಗೆ ಹೇಳುತ್ತಲೇ ಮೇಡಂ, ಬೆಳಕಿನ ಕಂಪನವನ್ನು ಒಂದೇ ದಿಕ್ಕಿನಲ್ಲಿ ಬಿಡುವ ಎರಡು ಧ್ರುವಕ ಗಾಜುಗಳನ್ನು ಸೂಕ್ಷ್ಮದರ್ಶಕದಲ್ಲಿ ಒಂದಕ್ಕೊಂದು ಅಡ್ಡವಾಗಿ ಇಟ್ಟರು. ಸಾಲಿಲ್ಲದ ಪುಡಿ ಅದರಲ್ಲಿ ಕತ್ತಲೆ, ಸಾಲುಗಟ್ಟಿದ್ದು ಬೆಳಕು. ಹೊಸ ಪುಡಿ ಪೂರ್ತಿ ಕತ್ತಲೆಯಾಗಿತ್ತು. ಉಂಡೆಯ ಚೂರು ಚುಕ್ಕಿಗಳಾಗಿ ಹೊಳೆಯಿತು.

"ಚಂದ ಕಾಣತಾವಲ್ಲರಿ," ಅವ್ವ ಅಂದಳು.

"ಬೆಲ್ಲದಾಗಿನ ಸಕ್ಕರಿನೂ ಹಿಂಗ ಹೊಳಿತೈತಿ. ನೀರ ಹಾಕಿದ್ರ ಅದು ಕರಗಿ ಹೋಗತೈತಿ. ಉಳದದ್ದು ಔಷಧಿದು, ನೋಡೋಣು," ಎಂದರು ಮೇಡಂ.

ಒಂದು ಹನಿ ನೀರು. ಚುಕ್ಕಿಗಳು ಒಂದೊಂದಾಗಿ ಆರಿದವು. ಎಲ್ಲವೂ ಆರಲಿ ಎಂದು ಬೇಡಿಕೊಂಡೆ. ಸೂಜಿಯಂಥವು ಕೆಲವು ಆರಲಿಲ್ಲ. ಆಗ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟದ್ದು ನಾನೋ ಅವ್ವನೋ, ಆಣೆ ಮಾಡಿ ಹೇಳಲಾರೆ. ಸೂಜಿಗಳು ಮಾತ್ರ ನನ್ನ ಕಣ್ಣಲ್ಲಿವೆ...

"ನನ್ನ ಕೈಲಿಂದನ ಆತೇನ್ರಿ?" ಅವ್ವ ಕೇಳಿದಳು.

"ಪುಡಿ ಬದಲಾಗೈತಿ, ಅಷ್ಟ ಹೇಳಾಕ ಬರತೈತಿ ನನಗ. ಫಿಟ್ಸ್ ಅದರಿಂದನ ಬಂತೋ ಇಲ್ಲೋ, ಡಾಕ್ಟರ್ ಹೇಳಬೇಕು. ಇವತ್ತಿಂದ ಹೊತ್ತಿಗೊಂದ ಬಿಚ್ಚರಿ."

ಫಿಟ್ಸ್ ನಿಂತಿತು. ಉಂಡೆ ಬಿಟ್ಟಿದ್ದಕ್ಕೋ, ಡಾಕ್ಟರು ಪ್ರಮಾಣ ಬದಲಿಸಿದ್ದಕ್ಕೋ, ಮಳೆಗಾಲ ಮುಗಿದದ್ದಕ್ಕೋ ತಿಳಿಯದು. ಒಂದೇ ಕಾರಣ ಹೇಳಿದರೆ ಕಥೆ ಚೆನ್ನಾಗುತ್ತದೆ; ಮೇಡಂ ಹೇಳಲಿಲ್ಲ. ದಿನಾ ಬೆಳಿಗ್ಗೆ ಗೋಡೆಯಾಚೆಯಿಂದ "ಹುಡುಗಿ ಎದ್ದಾಳೇನವಾ?" ಎಂದು ಕೇಳುತ್ತಿದ್ದರು, ಅಷ್ಟೇ. ಉತ್ತರ ಬರುವವರೆಗೆ ಆ ಕಡೆ ಪಾತ್ರೆಯ ಸದ್ದೂ ಇರುತ್ತಿರಲಿಲ್ಲ.

ಮೇಡಂ ಈಗಿಲ್ಲ. ತಂಗಿ ಹುಕ್ಕೇರಿಯಲ್ಲಿ ಸಂಸಾರಸ್ಥೆ. ಬೆಳಿಗ್ಗೆ ಫೋನ್ ಮಾಡಿ ಎದ್ದಳೇ ಎಂದು ಕೇಳುವ ಕೆಲಸ ನನ್ನದಾಗಿದೆ. ಕೆಲವು ದಿನ ಅವಳು ಫೋನ್ ಎತ್ತುವುದು ತಡವಾಗುತ್ತದೆ. ಆ ಹೊತ್ತಿನಲ್ಲಿ ನನ್ನ ಜೊತೆ ಹೆದರಲು ಗೋಡೆಯಾಚೆ ಯಾರೂ ಇಲ್ಲ.