ಬೊಡ್ಡಿ ತಿನ್ನುವ ಮಷೀನು

ಹಾನಗಲ್ಲಿನಲ್ಲಿ ಎರಡು ಸಲ ಪಿಯುಸಿ ನಪಾಸಾದ ಮೇಲೆ ಅಪ್ಪ ನನ್ನನ್ನು ಶಿಗ್ಗಾಂವಿಗೆ, ಅಕ್ಕನ ಮನೆಗೆ ಕಳಿಸಿದ. ಅಕ್ಕನ ಗಂಡ ಹೆದ್ದಾರಿಯ ಬದಿಗೆ ಒಂದು ಲೇಥ್ ಅಂಗಡಿ ಇಟ್ಟಿದ್ದ. ಭಾವನನ್ನು ಬಹುವಚನದಲ್ಲಿ ಬರೆಯುವುದು ರೂಢಿ. ನನಗೆ ಈಗಲೂ ಕೈ ಬರುವುದಿಲ್ಲ.

ಅದು ಎಪ್ಪತ್ತರ ದಶಕದ ಕೊನೆ. ರಸ್ತೆ ಅಗಲ ಮಾಡಲೆಂದು ಹಳೆಯ ಗಿಡಗಳನ್ನು ಕಡಿದಿದ್ದರು. ಬೊಡ್ಡಿಗಳು ಮಾತ್ರ ನೆಲದಲ್ಲೇ ಉಳಿದಿದ್ದವು. ಒಂದು ಹುಣಸೆ ಬೊಡ್ಡಿಯನ್ನು ಗುದ್ದಲಿ, ಕೊಡಲಿ, ಸರಪಳಿ ಹಾಕಿ ಕೀಳಲು ನಾಲ್ಕು ಆಳಿಗೆ ವಾರ ಹಿಡಿಯುತ್ತಿತ್ತು. ಭಾವ ಅದನ್ನು ನೋಡುತ್ತ ಬೀಡಿ ಸೇದುತ್ತ ಕುಳಿತಿರುತ್ತಿದ್ದ. ಆಮೇಲೆ ಯಾರದೋ ಬಾವಿಯ ಮೇಲಿದ್ದ ಹಳೆಯ ಡೀಸೆಲ್ ಇಂಜಿನ್ ತಂದ. ಕಬ್ಬಿಣದ ದಪ್ಪ ಚಕ್ರವೊಂದನ್ನು ಕಡೆದು, ಅದರ ಅಂಚಿಗೆ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕತ್ತರಿಸಿದ ಹನ್ನೆರಡು ಹಲ್ಲುಗಳನ್ನು ಬೋಲ್ಟ್ ಹಾಕಿ ಬಿಗಿದ. ಇಂಜಿನ್ನಿಗೂ ಚಕ್ರಕ್ಕೂ ನಡುವೆ ಚರ್ಮದ ಬೆಲ್ಟು. ಎಲ್ಲವನ್ನೂ ರಬ್ಬರು ಗಾಲಿಯ ಬಂಡಿಯ ಮೇಲೆ ಕೂರಿಸಿ, ಉದ್ದನೆಯ ಹಿಡಿಕೆಯಿಂದ ಚಕ್ರವನ್ನು ಅತ್ತಿತ್ತ ತೂಗುವಂತೆ ಮಾಡಿದ. ಒಂದು ಬೊಡ್ಡಿ ಅರ್ಧ ದಿನದಲ್ಲಿ ಪುಡಿಯಾಗಿ ಮಣ್ಣಿನಲ್ಲಿ ಬೆರೆತುಹೋಗುತ್ತಿತ್ತು. ಸುತ್ತಲ ಹಳ್ಳಿಯವರು ಅದಕ್ಕೆ ಬೊಡ್ಡಿ ತಿನ್ನೋ ಮಷೀನು ಎಂದು ಹೆಸರಿಟ್ಟರು. ಸವಣೂರಿನಿಂದ ಹಿರೇಕೆರೂರಿನವರೆಗೂ ಕರೆಗಳು ಬರತೊಡಗಿದವು.

ಹಿಡಿಕೆ ಭಾವನದು, ಉಳಿದದ್ದೆಲ್ಲ ನನ್ನದು. ಕೆಲಸ ಮುಗಿದ ಕೂಡಲೇ ಹನ್ನೆರಡೂ ಹಲ್ಲು ಬಿಚ್ಚಬೇಕು, ಸಾಣೆಕಲ್ಲಿಗೆ ಹಿಡಿಯಬೇಕು, ಒಂದೊಂದನ್ನೂ ತೂಕ ಮಾಡಬೇಕು. ಒಂದು ಹಲ್ಲು ಹಗುರಾದರೂ ಚಕ್ರ ಅದುರಿ ಬೇರಿಂಗ್ ತಿನ್ನುತ್ತದೆ. ಮರದ ಪುಡಿ ಇಂಜಿನ್ನಿನ ಮೂಗಿನಲ್ಲಿ ಹೊಕ್ಕರೆ ಅದು ಉಸಿರುಗಟ್ಟಿ ಕರಿ ಹೊಗೆ ಬಿಡುತ್ತದೆ. ಬೆಲ್ಟು ಜಾರದಂತೆ ರಾಳ ಹಚ್ಚಬೇಕು. ಇದನ್ನೆಲ್ಲ ನಾನು ಚೆನ್ನಾಗಿಯೇ ಕಲಿತೆ. ಕಲಿಸುವ ರೀತಿ ಹಾಗಿತ್ತು. ಹಲ್ಲೊಂದು ಮೊಂಡಾಗಿ ಉಳಿದಿದ್ದರೆ ಭಾವ ಬೈಯುತ್ತಿರಲಿಲ್ಲ. ನಾನು ಊಟಕ್ಕೆ ಕುಳಿತಾಗ ಅದನ್ನು ಗ್ರೀಸ್ ಸಮೇತ ನನ್ನ ತಾಟಿನಲ್ಲಿ, ಸಾರಿನೊಳಗೆ ಹಾಕಿ, ಅಗಿಯುತ್ತದೆಯೋ ಇಲ್ಲವೋ ನೋಡು ಎನ್ನುತ್ತಿದ್ದ. ಅಕ್ಕ ಒಲೆಯ ಕಡೆಗೆ ಮುಖ ತಿರುಗಿಸುತ್ತಿದ್ದಳು. ನಾನು ಹಲ್ಲನ್ನು ಎತ್ತಿಟ್ಟು ಅದೇ ಸಾರು ಉಣ್ಣುತ್ತಿದ್ದೆ. ಒಮ್ಮೆ ಬೆಲ್ಟು ಓಡುತ್ತಿರುವಾಗಲೇ ರಾಳ ಹಚ್ಚಲು ಹೇಳಿ, ನನ್ನ ಎಡಗೈಯ ಕಿರುಬೆರಳಿನ ಎರಡು ಗೆಣ್ಣು ಹೋದಾಗ ಅವನು ಮೊದಲು ನೋಡಿದ್ದು ಬೆಲ್ಟನ್ನು.

ಇದನ್ನೆಲ್ಲ ಹೇಳುವುದು ಮುಂದಿನದಕ್ಕೆ ನೆವವಾಗಲಿ ಎಂದಲ್ಲ. ಮುಂದಿನದನ್ನು ಮಾಡಿದವನು ನಾನೇ.

ಚಿಕ್ಕೇರೂರಿನ ಹೊಲವೊಂದರಿಂದ ಕರೆ ಬಂದದ್ದು ಒಂದು ಬೇಸಿಗೆಯಲ್ಲಿ. ಕರೆದವನು ಐವತ್ತರ ಆಸುಪಾಸಿನ ಉಳ್ಳವ, ಊರಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥವ. ಅವನ ತಮ್ಮ ಹಿಂದಿನ ವರ್ಷ ಕಾಮಾಲೆಯಾಗಿ ಸತ್ತಿದ್ದ. ಅಣ್ಣತಮ್ಮಂದಿರ ವಾಟ್ನಿ, ಅಂದರೆ ಹೊಲದ ಪಾಲು, ಬಾಯಿಮಾತಿನದು, ಕಾಗದವಿರಲಿಲ್ಲ. ಹೊಲದ ನಡುವಿನ ಹುಣಸೆ ಗಿಡವೇ ಗಡಿ. ಗಿಡದಿಂದ ಮೂಡಣಕ್ಕೆ ಇದ್ದ ಬಾವಿಯೂ ಹೊಲವೂ ತಮ್ಮನವು. ತಮ್ಮ ಸತ್ತ ತಿಂಗಳಲ್ಲೇ ಅಣ್ಣ ಗಿಡವನ್ನು ಇಟ್ಟಿಗೆ ಭಟ್ಟಿಗೆ ಕಡಿಸಿದ್ದ. ಉಳಿದದ್ದು ಬೊಡ್ಡಿ.

ನಾವು ಹೋದಾಗ ಬದುವನ್ನು ಆಗಲೇ ಒಡೆಸಿ ಸಮ ಮಾಡಿಸಿದ್ದ. ಬೊಡ್ಡಿಯ ಮೇಲೆ ತಮ್ಮನ ಹೆಂಡತಿ ಕುಳಿತಿದ್ದಳು. ಮೂವತ್ತು ದಾಟಿರದ ಹೆಂಗಸು, ಪಕ್ಕದಲ್ಲಿ ಇಬ್ಬರು ಹೆಣ್ಣುಮಕ್ಕಳು. ಅವಳು ಅಳುತ್ತಿರಲಿಲ್ಲ. ಭಾವನಿಗೆ ಏನೂ ಹೇಳಲಿಲ್ಲ. ಬೆರಳಿಗೆ ಪಟ್ಟಿ ಕಟ್ಟಿದ್ದ ನನ್ನನ್ನು ನೋಡಿ, ಇವನಾದರೂ ಕೇಳಿಯಾನು ಎಂದುಕೊಂಡಳೋ ಏನೋ, ಮೆಲ್ಲಗೆ ಹೇಳಿದಳು:

"ಇದೊಂದು ಬಿಟ್ಟುಬಿಡ್ರಿ. ಇದು ಹೋದ್ರ ನನ್ನ ಬಾವಿ ಹೋಗತೈತಿ."

ನಾನು ಭಾವನ ಮುಖ ನೋಡಿದೆ. ಭಾವ ಅವಳ ಭಾವನ ಮುಖ ನೋಡಿದ. ನಮ್ಮನ್ನು ಕರೆಸಿದ್ದ ಆತ, ನಾವು ಬಂದದ್ದು ಬೊಡ್ಡಿಯ ತಲೆ ಮಾತ್ರ ಸವರಲಿಕ್ಕೆ, ನೇಗಿಲಿಗೆ ಅಡ್ಡ ಬರದಷ್ಟು, ಎಂದು ಅವಳಿಗೆ ಹೇಳುವಂತೆ ನನ್ನ ಕಿವಿಯಲ್ಲಿ ಉಸುರಿದ. ನಾನು ಹಾಗೆಯೇ ಹೇಳಿದೆ. ಚೂರು ಸವರಿ ಗುರುತು ಉಳಿಸುತ್ತೇವೆ ಎಂದೆ. ಅವಳು ನಂಬಿ ಎದ್ದಳು. ಮಕ್ಕಳಿಗೆ ಹಸಿವಾಗಿದೆ ಎಂದು ಮನೆಗೆ ಹೋದಳು. ಅವಳು ಕಣ್ಮರೆಯಾದ ಮೇಲೆ ಭಾವ ನನ್ನ ಬೆನ್ನು ತಟ್ಟಿದ. ಅಷ್ಟು ವರ್ಷಗಳಲ್ಲಿ ಅದೊಂದೇ ಸಲ. ನನಗೆ ಸಂತೋಷವಾಯಿತು, ಅದನ್ನು ಬಚ್ಚಿಡುವುದಿಲ್ಲ.

ಹುಣಸೆಯಷ್ಟು ಗಟ್ಟಿ ಬೊಡ್ಡಿ ಬೇರೆ ಇಲ್ಲ. ಎರಡು ಸಲ ಹಲ್ಲು ಬದಲಿಸಿದೆ. ಕಂದು ಪುಡಿ ಮೊಣಕಾಲಿನವರೆಗೆ ಹಾರಿ ಬಿತ್ತು, ಹುಳಿ ವಾಸನೆ ಗಂಟಲಿಗೆ ಹತ್ತಿತು. ಶಬ್ದ ನಿಲ್ಲದ್ದನ್ನು ಕೇಳಿ ಅವಳು ಓಡಿ ಬರುವ ಹೊತ್ತಿಗೆ ಚಕ್ರ ನೆಲದೊಳಗೆ ಇಳಿದಿತ್ತು. ಮುಂದೆ ಬರದಂತೆ ಆಳುಗಳು ಅವಳನ್ನು ತಡೆದರು. ಆಕೆ ನನ್ನನ್ನೇ ನೋಡುತ್ತ ನಿಂತಳು. ಸಂಜೆಯೊಳಗೆ ಪುಡಿಯನ್ನು ಹರವಿ, ಮಣ್ಣು ಮುಚ್ಚಿ, ಎರಡು ಜೋಡಿ ಎತ್ತು ಕಟ್ಟಿ ಆ ಇಡೀ ಜಾಗವನ್ನು ಉತ್ತು ಕುಂಟೆ ಹೊಡೆದರು. ಗುದ್ದಲಿಯಿಂದ ಕಿತ್ತಿದ್ದರೆ ಗುಂಡಿಯಾದರೂ ಉಳಿಯುತ್ತಿತ್ತು. ನಮ್ಮ ಮಷೀನು ಅದನ್ನೂ ಉಳಿಸುತ್ತಿರಲಿಲ್ಲ.

ಹತ್ತು ಹದಿನೈದು ದಿನ ಕಳೆದು ಊರ ಹಿರಿಯರು ಹೊಲದಲ್ಲಿ ಸೇರಿದರು. ಗಿಡ ಇದ್ದದ್ದು ಬಾವಿಯ ಆಚೆ, ಮೂಡಣ ಮಗ್ಗಲಲ್ಲಿ, ಹಾಗಾಗಿ ಬಾವಿ ತನ್ನದು ಎಂದು ಅಣ್ಣ ಹೇಳುತ್ತಿದ್ದ. ಅಲ್ಲ, ಈಚೆಗೆ ಎಂದು ಅವಳು. ಊರಿನವರಿಗೆ ಗೊತ್ತಿರಲಿಲ್ಲ ಎಂದಲ್ಲ. ಅವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಬೊಡ್ಡಿ ತೆಗೆದವರನ್ನೇ ಕೇಳೋಣ ಎಂದು ನಮಗೆ ಹೇಳಿಕಳಿಸಿದ್ದರು. ಭಾವ ತಾನು ಬರದೆ ನನ್ನನ್ನು ಕಳಿಸಿದ. ಏನು ಹೇಳಬೇಕೆಂದು ಅವನು ಹೇಳಿಕೊಡಬೇಕಾಗಿರಲಿಲ್ಲ.

ಜಾಗ ತೋರಿಸು ಎಂದರು. ನಾನು ಬಾವಿಯ ಆಚೆ ಮಗ್ಗಲಿಗೆ ನಡೆದು ಹೋಗಿ, ಕಾಲಿಂದ ನೆಲ ಒತ್ತಿ, ಇಲ್ಲಿ ಎಂದೆ.

ಅವಳು ವಾದ ಮಾಡಲಿಲ್ಲ. ಹಿರಿಯರ ಕಡೆ ತಿರುಗಿ, ಮೇಲಿನ ಬೊಡ್ಡಿ ಹೋದರೂ ತಾಯಿಬೇರು ಕೆಳಗೆ ಇರಲೇಬೇಕಲ್ಲ, ಅಗೆದು ನೋಡಿ ಎಂದಳು. ಅವರಲ್ಲಿ ವಯಸ್ಸಾದವರೊಬ್ಬರು ನನ್ನನ್ನು ಕೇಳಿದರು:

"ನಿಮ್ಮ ಮಷೀನು ಎಷ್ಟು ಆಳ ಹೋಗತೈತಿ?"

ನಮ್ಮ ಚಕ್ರ ಹೋಗುತ್ತಿದ್ದದ್ದು ಒಂದೂವರೆ ಅಡಿ. ಅದರ ಕೆಳಗೆ ತೊಡೆ ಗಾತ್ರದ ಬೇರು ಹಾಗೆಯೇ ಇತ್ತು, ನಾನೇ ಮಣ್ಣು ಮುಚ್ಚಿದ್ದೆ.

"ಬೇರಿನ ಕಡೀತನಕ ಹೋಗತೈತ್ರಿ," ಎಂದೆ. "ಏನೂ ಉಳಿಯಂಗಿಲ್ಲ."

ಹಾಗಿದ್ದರೆ ಅಗೆದೇನು ಪ್ರಯೋಜನ ಎಂದು ಒಬ್ಬರು ಎದ್ದರು. ಆದರೂ ಆ ಮುದುಕರು, ಅವಳ ಸಮಾಧಾನಕ್ಕೆ ಮಧ್ಯಾಹ್ನದವರೆಗೆ ಅಗೆದುಕೊಳ್ಳಲಿ ಎಂದರು. ಆಳು ಕೊಡಲು ಯಾರೂ ಮುಂದೆ ಬರಲಿಲ್ಲ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುದ್ದಲಿ ತಂದು ತಾನೇ ಅಗೆಯಲು ನಿಂತಳು. ಬದು ಇಲ್ಲ, ಗಿಡ ಇಲ್ಲ, ಇಡೀ ನೆಲ ಉತ್ತದ್ದು. ಹುಟ್ಟಿದ ಮನೆಯಂತೆ ಗೊತ್ತಿದ್ದ ಜಾಗವೂ ಹಾಗೆ ಬೋಳಾದರೆ ಕಣ್ಣಿಗೆ ಸಿಗುವುದಿಲ್ಲ. ನನಗೆ ಸಿಕ್ಕಿತ್ತು. ಮಷೀನು ನಿಲ್ಲಿಸುವಾಗ ಚಕ್ರವನ್ನು ಬಾವಿಯ ರಾಟೆಗಂಬಕ್ಕೂ ದೂರದ ಒಂದು ಬೇವಿನ ಗಿಡಕ್ಕೂ ನೇರ ಹಿಡಿದು ಮಟ್ಟ ನೋಡಿದ್ದೆ. ಅವಳು ಅಗೆಯುತ್ತಿದ್ದದ್ದು ಬಾವಿಯ ಈಚೆಗೇ, ಆದರೆ ಎರಡು ಮಾರು ತಪ್ಪಿ.

ಮಧ್ಯಾಹ್ನದವರೆಗೆ ಅಗೆದಳು. ದೊಡ್ಡ ಮಗಳು ಮಣ್ಣು ಎತ್ತಿ ಹಾಕಿದಳು. ಬೆರಳು ಗಾತ್ರದ ಬೇರುಗಳು ಸಿಕ್ಕವು. ಅವಳು ಅವನ್ನು ಹಿಡಿದು ತೋರಿಸಿದಾಗ ಅಣ್ಣ ನಕ್ಕು, ಹುಣಸೆ ಬೇರು ಹೊಲದ ತುಂಬ ಇರುತ್ತದೆ ಎಂದ. ನಾನು ಅವನ ಎತ್ತಿನ ಬಂಡಿಯ ನೆರಳಲ್ಲಿ ಅವನೇ ಕೊಟ್ಟ ಮಜ್ಜಿಗೆ ಕುಡಿಯುತ್ತ ಕುಳಿತಿದ್ದೆ. ಎರಡು ಮಾರು, ಈ ಕಡೆ, ಎಂದು ಬಾಯಿ ಬಿಡಬೇಕಾಗಿಯೂ ಇರಲಿಲ್ಲ. ಎದ್ದು ಹೋಗಿ ಅಲ್ಲಿ ನಿಂತಿದ್ದರೆ ಸಾಕಿತ್ತು. ಹೊತ್ತು ನೆತ್ತಿಗೆ ಬಂದಾಗ ಹಿರಿಯರು ಎದ್ದರು. ಬಾವಿ ಅಣ್ಣನ ಪಾಲಾಯಿತು.

ಮುಂದಿನ ಚಳಿಗಾಲದಲ್ಲಿ ಭಾವನಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು. ಧಂದೆ ನನ್ನದಾಯಿತು. ಅಂಗಡಿಯ ಮುಂದಿನ ಹೊರಸಿನಲ್ಲಿ ಅವನನ್ನು ಮಲಗಿಸುತ್ತಿದ್ದೆವು. ನಾನು ಹಲ್ಲನ್ನು ಸಾಣೆಗೆ ಓರೆಯಾಗಿ ಹಿಡಿದರೆ ಅದರ ಶಬ್ದದಿಂದಲೇ ಅವನಿಗೆ ಗೊತ್ತಾಗುತ್ತಿತ್ತು. ಗೊರಗೊರ ಅನ್ನುತ್ತ ತಲೆ ಹೊರಳಿಸುತ್ತಿದ್ದ. ನಾನು ಬೇಕೆಂದೇ ಓರೆ ಹಿಡಿಯುತ್ತಿದ್ದೆ. ಒಂದು ಹಲ್ಲು ಕೆಡಿಸಿ, ಅವನಿಗೆ ತೋರಿಸಿ, ಇನ್ನೊಂದು ತೆಗೆದುಕೊಳ್ಳುತ್ತಿದ್ದೆ.

ಅದಾದ ಮೇಲಿನ ಮುಂಗಾರಿನಲ್ಲಿ ಚಿಕ್ಕೇರೂರಿನ ಆ ಅಣ್ಣನಿಂದ ಮತ್ತೆ ಕರೆ ಬಂತು. ಬೊಡ್ಡಿಯಿದ್ದ ಜಾಗದಲ್ಲಿ ಚಿಗುರು ಎದ್ದಿದೆ, ಬೇಗ ಬಾ ಎಂದು. ಈ ಸಲ ಭಾವನ ಅಪ್ಪಣೆ ಇರಲಿಲ್ಲ, ಆಗುವುದಿಲ್ಲ ಎಂದಿದ್ದರೆ ಕೇಳುವವರೂ ಇರಲಿಲ್ಲ. ನಾನು ಬೇರು ಮತ್ತೆ ಚಿಗುರದಂತೆ ಸಾಯಿಸಲು ಒಂದು ಡಬ್ಬಿ ಸುಟ್ಟ ಇಂಜಿನ್ ಎಣ್ಣೆ, ಒಂದು ಹಾರೆ ತೆಗೆದುಕೊಂಡು ಬಸ್ಸು ಹತ್ತಿದೆ.

ಗೋವಿನಜೋಳದ ಸಾಲಿನ ನಡುವೆ, ಮೊಳಕಾಲೆತ್ತರ, ಏಳೆಂಟು ಚಿಗುರು ಗುಂಪಾಗಿ ಎದ್ದಿದ್ದವು. ಬಾವಿಯ ಈಚೆ ಮಗ್ಗಲಲ್ಲೇ. ಅವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದಳು. ಬಾವಿಯಿಲ್ಲದೆ ಉಳಿದ ಹೊಲವನ್ನೂ ಗಂಡನ ಅದೇ ಅಣ್ಣನಿಗೇ ಬಿಟ್ಟುಕೊಟ್ಟು, ಈಗ ಅವನ ಹೊಲದಲ್ಲೇ ಕಳೆ ಕೀಳಲು ಬರುತ್ತಿದ್ದಳಂತೆ. ನನ್ನನ್ನು ಕಂಡು ಏಳಲಿಲ್ಲ.

"ಖರೇ ಹೇಳ್ರಿ," ಎಂದಳು. "ನಿಮ್ಮ ಮಷೀನು ಎಷ್ಟು ಆಳ ಹೋಗತೈತಿ?"

"ಒಂದೂವರೆ ಅಡಿ ರೀ."

ಅವಳು ತಲೆಯಾಡಿಸಿದಳು. ಅಷ್ಟಕ್ಕೇ ಸುಮ್ಮನಿರಬಹುದಾಗಿತ್ತು. ನಾನು ಸುಮ್ಮನಿರಲಿಲ್ಲ. ನೀನು ಅವತ್ತು ಅಗೆದದ್ದು ಎರಡೇ ಮಾರು ತಪ್ಪಿತ್ತು ಎಂದು ಹೇಳಿದೆ. ತಪ್ಪೊಪ್ಪಿಗೆಯ ಹಾಗೆ ಹೇಳಿದೆನೋ, ಚುಚ್ಚಲಿಕ್ಕೆ ಹೇಳಿದೆನೋ, ಈ ವಯಸ್ಸಿನಲ್ಲೂ ನನಗೆ ಬಗೆಹರಿದಿಲ್ಲ. ಅವಳ ಕಣ್ಣು ಬಾವಿಯ ಕಡೆ ಹೋಗಿ, ಅಗೆದಿದ್ದ ಜಾಗಕ್ಕೆ ಬಂದು, ನನ್ನ ಕೈಯ ಡಬ್ಬಿಯ ಮೇಲೆ ನಿಂತಿತು.

"ಸ್ವಲ್ಪ ತಡೀರಿ," ಎಂದಳು. "ಎಳೀ ಚಿಗುರು ಅದಾವು. ಸಾರಿಗೆ ಆಗತಾವು."

ಉಡಿ ಒಡ್ಡಿ, ಒಂದೊಂದೇ ಚಿಗುರನ್ನು ಕಿತ್ತು ಹಾಕಿಕೊಂಡಳು. ಅವಸರ ಮಾಡಲಿಲ್ಲ. ನಾನು ಹಾರೆ ಊರಿಕೊಂಡು ಕಾದೆ. ಬರೀ ಕಡ್ಡಿಗಳು ಉಳಿದ ಮೇಲೆ ಅವಳು ಎದ್ದು ಸಾಲಿನ ಆಚೆ ತುದಿಯ ಹೆಂಗಸರ ಕಡೆಗೆ ನಡೆದಳು. ನಾನು ಹಾರೆಯಿಂದ ಬೇರಿನವರೆಗೆ ತೂತು ಹೊಡೆದು, ಡಬ್ಬಿಯಲ್ಲಿದ್ದ ಎಣ್ಣೆಯನ್ನೆಲ್ಲ ಸುರಿದೆ.