ಕುಸುಬಿ ಎಣ್ಣೆ ಹಚ್ಚಿದ ಬ್ರೇಕು

ನನ್ನದು ಸ್ಕೂಟಿ ಅಲ್ಲ, ಮೋಟರ್ ಸೈಕಲ್. ಇದನ್ನು ಮೊದಲೇ ಹೇಳಿಬಿಡಬೇಕು. ಹೆಣ್ಣುಮಗಳು ಗಾಡಿ ಹೊಡೆಯುತ್ತಾಳೆ ಎಂದ ಕೂಡಲೇ ಕೇಳುವವರು ತಾವೇ ಸ್ಕೂಟಿ ಎಂದು ತಿಳಿದುಕೊಳ್ಳುತ್ತಾರೆ, ನನಗೆ ಮೈ ಉರಿಯುತ್ತದೆ. ನಮ್ಮ ಮನೆ ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ. ನೌಕರಿ ಕನಮಡಿ ಕಡೆಯ ದನದ ದವಾಖಾನೆಯಲ್ಲಿ. ಕುರಿಗಳಿಗೆ ಲಸಿಕೆ ಹಾಕುವುದು, ಎಮ್ಮೆಗೆ ಇಂಜೆಕ್ಷನ್ ಕೊಡುವುದು, ಹುಳದ ಔಷಧ ಕುಡಿಸಿ ಎಂದು ಹಳ್ಳಿ ಹಳ್ಳಿ ತಿರುಗಿ ಹೇಳುವುದು ನನ್ನ ಕೆಲಸ. ಬಸ್ಸು ನಂಬಿ ಕೂತರೆ ಲಸಿಕೆ ಡಬ್ಬಿಯ ಬರ್ಫ ಕರಗಿ ನೀರಾಗುತ್ತದೆ. ನನ್ನ ಗಂಡನಿಗೆ ಸೈಕಲ್ ಬಿಟ್ಟರೆ ಬೇರೆ ಗಾಡಿ ಹೊಡೆಯಲು ಬರುವುದಿಲ್ಲ. ಅದನ್ನು ನಾನು ನಾಲ್ಕು ಜನರ ಮುಂದೆ ಹೇಳುತ್ತೇನೆ, ಅವರು ಪಾಪ ನಗುತ್ತಾರೆ.

ಗಾಡಿ ಕೊಡಿಸಿದ್ದು ಅಪ್ಪ. ಬಬಲೇಶ್ವರದ ಹತ್ತಿರದ ನಮ್ಮ ಊರಿನಲ್ಲಿ ಐವತ್ತು ವರ್ಷ ಕುರಿ ಕಾಯ್ದವನು. ನನ್ನ ನೌಕರಿಯ ಆದೇಶ ಬಂದ ವಾರವೇ ತನ್ನ ಎರಡು ದೊಡ್ಡ ಟಗರುಗಳನ್ನು ಸಂತೆಗೆ ಹೊಡೆದುಕೊಂಡು ಹೋಗಿ ಮಾರಿ ಬಂದ. ಆ ಟಗರುಗಳನ್ನು ಕೇಳಲು ಎಲ್ಲೆಲ್ಲಿಂದಲೋ ಜನ ಬಂದಿದ್ದರು, ಯಾರಿಗೂ ಕೊಟ್ಟಿರಲಿಲ್ಲ. ನಾನು ಸ್ಕೂಟಿ ಸಾಕು ಎಂದೆ. "ಸ್ಕೂಟಿ ಗಾಲಿ ಸಣ್ಣವು ಯವ್ವಾ, ಕನಮಡಿ ಹಾದ್ಯಾಗಿನ ತಗ್ಗಿಗೆ ತಡಿಯಂಗಿಲ್ಲ. ದೊಡ್ಡ ಗಾಲಿದು ತಗೋ," ಎಂದ. ಅಷ್ಟೇ, ಮಾತು ಮುಗಿಯಿತು.

ಮೊಣಕಾಲು ಸೋತ ಮೇಲೆ ಕುರಿಗಳನ್ನು ಅಣ್ಣನಿಗೆ ಒಪ್ಪಿಸಿ ಅಪ್ಪ ನಮ್ಮ ಮನೆಗೆ ಬಂದ. ರಜೆ ಇದ್ದ ದಿನ ಅವನನ್ನು ಹಿಂದೆ ಕೂಡಿಸಿಕೊಂಡು ಬಬಲೇಶ್ವರಕ್ಕೆ ಹೋಗುತ್ತೇನೆ. ತಲೆಗೆ ಬಿಳಿ ಪಟಗ, ಧೋತರ, ಹೆಗಲ ಮೇಲೆ ಕಂಬಳಿ. ಒಂದು ಕೈ ನನ್ನ ಹೆಗಲ ಮೇಲೆ. ಅಲ್ಲಿ ಚಹಾದ ಅಂಗಡಿಯ ಕಟ್ಟೆಯ ಮೇಲೆ ಅಪ್ಪನ ಜೊತೆಗಾರನೊಬ್ಬ ಯಾವಾಗಲೂ ಕುಳಿತಿರುತ್ತಾನೆ, ನಾವು ಇಳಿದ ಕೂಡಲೇ ಶುರು ಮಾಡುತ್ತಾನೆ: "ಬಂದ ನೋಡ್ರಿ, ಮಗಳ ಹಿಂದ ಕುಂತು ತಿರಗಾವ." ಕಟ್ಟೆಯ ಮೇಲಿನವರೆಲ್ಲ ನಗುತ್ತಾರೆ. ಅಪ್ಪನೂ ನಗುತ್ತಿದ್ದ. ಆದರೆ ಅವನಿಗೆ ಅದು ಚುಚ್ಚುತ್ತಿತ್ತು, ನನಗೆ ಗೊತ್ತು. ಅಂಥ ದಿನ ಚಹಾ ಬೇಗ ಕುಡಿದು ಏಳುತ್ತಿದ್ದ.

ಗಾಡಿಯನ್ನು ಅಪ್ಪ ಎತ್ತಿನ ಹಾಗೆ ನೋಡಿಕೊಳ್ಳುತ್ತಾನೆ. ಅಮಾವಾಸ್ಯೆ ಬಂದರೆ ನಸುಕಿನಲ್ಲಿ ಎದ್ದು ಅದರ ಮೈ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಲಿಂಬೆಹಣ್ಣು ಕಟ್ಟಿ, ಕಾಯಿ ಒಡೆದೇ ನನಗೆ ಕೀಲಿ ಕೊಡುವುದು. ಊರಲ್ಲಿ ಚಕ್ಕಡಿ ಇದ್ದಾಗಲೂ ಹೀಗೆಯೇ ಇತ್ತು. ಅಮಾವಾಸ್ಯೆಯ ದಿನ ಎತ್ತಿಗೆ ನೊಗ ಹಾಕುತ್ತಿರಲಿಲ್ಲ, ಚಕ್ಕಡಿ ತೊಳೆದು ಅಚ್ಚಿಗೆ ಕೀಲೆಣ್ಣೆ ಬಿಡುತ್ತಿದ್ದ. ಗಾಲಿ ಕಿರಗುಟ್ಟಿದರೆ ಮಾಲೀಕನ ಮಾನ ಹೋದಂತೆ. ಸಂತೆಗೆ ಹೊರಟ ಚಕ್ಕಡಿ ಕೂಗುತ್ತ ಹೋದರೆ ಹಾದಿಯಲ್ಲಿ ಸಿಕ್ಕವರೇ ನಿಲ್ಲಿಸಿ, "ಮನ್ಯಾಗ ಎಣ್ಣಿ ಇಲ್ಲೇನೋ?" ಎಂದು ಕೇಳುತ್ತಿದ್ದರಂತೆ.

ಇನ್ನು ನನ್ನ ತಪ್ಪು. ಮುಂದಿನ ಬ್ರೇಕು ಎರಡು ತಿಂಗಳಿಂದ ಕೂಗುತ್ತಿತ್ತು. ತಿಕೋಟಾದ ಗ್ಯಾರೇಜಿನ ಮಿಸ್ತ್ರಿ ಆಗಲೇ ಹೇಳಿದ್ದ, "ಅಕ್ಕಾರ, ಪ್ಯಾಡ್ ಸವದಾವ್ರಿ, ಬದಲಿ ಮಾಡಸ್ರಿ," ಎಂದು. ಮುಂದಿನ ತಿಂಗಳು ನೋಡೋಣ ಎಂದೆ. ಆ ತಿಂಗಳು ಬಂತು, ಹೋಯಿತು. ನಾನು ಕೈ ಬಿಗಿ ಹಿಡಿಯುವವಳು. ನನ್ನ ಹಿಡಿತ ಗಾಡಿಯ ಬ್ರೇಕಿಗಿಂತ ಗಟ್ಟಿ ಎಂದು ನನ್ನ ಗಂಡ ಹೇಳುವುದುಂಟು.

ಆದರೆ ಹಳ್ಳಿಯಲ್ಲಿ ನನ್ನ ಬಾಯಿ ಕೇಳಬೇಕು. ಕನಮಡಿಯ ಹತ್ತಿರ ಒಬ್ಬ ರೈತ ರೊಕ್ಕ ಉಳಿಸಲೆಂದು ಹುಳದ ಔಷಧಕ್ಕೆ ನೀರು ಬೆರೆಸಿ ಅಷ್ಟೂ ಕುರಿಗೆ ಕುಡಿಸಿದ್ದ. ಅವತ್ತು ಅಪ್ಪನೂ ನನ್ನ ಜೊತೆಗಿದ್ದ. ಓಣಿಯೆಲ್ಲ ಕೇಳುವಂತೆ ಆ ರೈತನನ್ನು ಬೈದೆ: "ಅರ್ಧಾ ಔಷಧ ಕುಡಿಸಿದ್ರ ಅರ್ಧಾ ಹುಳಾ ಸಾಯಂಗಿಲ್ಲಪಾ. ನಿನ್ನ ರೊಕ್ಕ ಪೂರಾ ಸಾಯ್ತೈತಿ, ಹಿಂದಿಂದ ಕುರಿ ಸಾಯ್ತಾವು." ಅಪ್ಪ ಬೇವಿನ ಗಿಡದ ಕೆಳಗೆ ಕುಳಿತು ಮೀಸೆಯಲ್ಲೇ ನಕ್ಕಿದ್ದ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಅಂತಾರಲ್ಲ, ಅದು ನಾನೇ.

ಆ ಅಮಾವಾಸ್ಯೆ ರಜೆಯ ದಿನ ಬಂದಿತ್ತು. ಊರಲ್ಲಿ ಅಣ್ಣನ ಮನೆಯಲ್ಲಿ ಹೋಳಿಗೆ ಊಟ. ಸೀದಾ ಬಬಲೇಶ್ವರದ ಹಾದಿ ಹಿಡಿಯಬಹುದಿತ್ತು, ಆದರೆ ತಿಕೋಟಾದಲ್ಲಿ ಒಂದು ಎಮ್ಮೆಯ ಗಾಯ ನೋಡುವುದಿತ್ತು, ಹಾಗಾಗಿ ಆ ಕಡೆಯಿಂದ ಸುತ್ತಿಕೊಂಡು ಹೋಗುವುದೆಂದು ಹೊರಟೆವು. ಕೀಲಿ ಕೊಡುವಾಗ ಅಪ್ಪ, "ಗಾಡಿ ಅಳಾಕತ್ತಿತ್ತು, ಈಗ ಸುಮ್ಮ ಆಗೇತಿ ನೋಡು," ಎಂದ. ತೊಳೆದದ್ದಕ್ಕೆ ಹಾಗೆ ಹೇಳುತ್ತಿದ್ದಾನೆ ಎಂದುಕೊಂಡೆ. ಊರೊಳಗೆ ನಾನು ನಿಧಾನವಾಗಿ, ಕಾಲಿನ ಬ್ರೇಕಿನಲ್ಲೇ ಹೋಗುತ್ತೇನೆ. ಗಾಡಿ ನಿಜವಾಗಿಯೂ ಕೂಗಲಿಲ್ಲ. ಊರು ದಾಟಿದ ಮೇಲೆ ಗಾಡಿ ಜೋರು ಬಿಟ್ಟೆ.

ತಿಕೋಟಾ ಇನ್ನರ್ಧ ಮೈಲಿ ಇರುವಾಗ, ದ್ರಾಕ್ಷಿ ತೋಟದ ಬದಿಯ ತಿರುವಿನಲ್ಲಿ, ರಸ್ತೆಯ ತುಂಬ ಕುರಿ. ಎಡಕ್ಕೂ ಜಾಗವಿಲ್ಲ, ಬಲಕ್ಕೂ ಇಲ್ಲ. ಮುಂದಿನ ಬ್ರೇಕು ಹಿಡಿದೆ. ಹಿಡಿಕೆ ಪೂರ್ತಿ ಒತ್ತಿದರೂ ಗಾಡಿ ನಿಲ್ಲಲಿಲ್ಲ. ಕಾಲಿನ ಬ್ರೇಕು ತುಳಿದೆ, ಹಿಂದಿನ ಗಾಲಿ ಜಾರತೊಡಗಿತು. ನನ್ನ ಜೀವ ಬಾಯಿಗೆ ಬಂತು. ನನ್ನದಿರಲಿ, ಹಿಂದೆ ಎಪ್ಪತ್ತು ದಾಟಿದ ಅಪ್ಪ.

ಆಗ ನನ್ನ ಕಿವಿಯ ಪಕ್ಕದಲ್ಲೇ ಒಂದು ಕೂಗು ಎದ್ದಿತು. ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ ಅಪ್ಪ ಹೊರಡಿಸುವ ಉದ್ದನೆಯ ಕೂಗು ಅದು, ಅಕ್ಷರದಲ್ಲಿ ಬರೆಯಲು ಬರುವುದಿಲ್ಲ. ಚಿಕ್ಕವಳಿದ್ದಾಗ ಹೊಲದ ಆ ತುದಿಯಿಂದ ಕೇಳುತ್ತಿದ್ದೆ. ಕುರಿಗಳು ಒಮ್ಮೆಲೇ ಕಿವಿ ನಿಮಿರಿಸಿದವು. ಅರ್ಧ ಆ ಕಡೆ, ಅರ್ಧ ಈ ಕಡೆ ಸರಿದು ನಡುವೆ ಒಂದು ಹಾದಿ ಬಿಟ್ಟವು. ಗಾಡಿ ಆ ಹಾದಿಯಲ್ಲಿ ಓಲಾಡುತ್ತ ದಾಟಿ, ಆಚೆ ಬದಿಯ ಮಣ್ಣಿಗೆ ಇಳಿದು ನಿಂತಿತು. ಒಂದು ಮರಿಗೂ ತಾಕಲಿಲ್ಲ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಗಾಡಿಯಿಂದ ಇಳಿದವಳೇ ಕುರಿ ಕಾಯುವವನ ಮೇಲೆ ಹಾರಿಬಿದ್ದೆ. ಅವನು ನನ್ನ ಕಡೆ ನೋಡಲೂ ಇಲ್ಲ. ಅಪ್ಪನ ಹತ್ತಿರ ಬಂದು ಕೇಳಿದ, "ಯಜ್ಜಾ, ನನ್ನ ಕುರಿ ನನ್ನ ಮಾತ ಕೇಳಂಗಿಲ್ಲ, ನಿನ್ನ ಮಾತು ಹೆಂಗ ಕೇಳಿದ್ವೋ?" ಅಪ್ಪ ಪಟಗ ಸರಿ ಮಾಡಿಕೊಂಡು, "ಐವತ್ತು ವರ್ಷ ಕೂಗೇನಿ," ಎಂದ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಸಿಟ್ಟು ಅಲ್ಲೇ ಇಳಿದುಹೋಯಿತು.

ಗಾಡಿ ತಳ್ಳಿಕೊಂಡು ತಿಕೋಟಾದ ಗ್ಯಾರೇಜಿಗೆ ಹೋದೆವು. ಮಿಸ್ತ್ರಿ ಮುಂದಿನ ಗಾಲಿಯ ಪ್ಯಾಡ್ ಬಿಚ್ಚಿ ಬೆರಳಿನಿಂದ ಒರೆಸಿದ, ಮೂಸಿ ನೋಡಿದ, ಮತ್ತೊಮ್ಮೆ ಮೂಸಿದ. "ಅಕ್ಕಾರ, ಇದಕ್ಕ ಒಗ್ಗರಣಿ ಹಾಕೀರೇನ್ರಿ? ಕುಸುಬಿ ಎಣ್ಣಿ ವಾಸನಿ ಬರಾಕತ್ತೈತಿ."

ನಾನು ತಿರುಗಿ ಅಪ್ಪನನ್ನು ನೋಡಿದೆ. ಅಪ್ಪ ಒಂದು ಕ್ಷಣವೂ ತಡ ಮಾಡಲಿಲ್ಲ. "ನಾನ ಹಚ್ಚೇನಿ," ಎಂದ. "ಅದು ಕೂಗತಿತ್ತು. ಗಾಲಿ ಕೂಗಿದ್ರ ಎಣ್ಣಿ ಬಿಡಬೇಕು. ಕೀಲೆಣ್ಣಿ ಸಿಗಲಿಲ್ಲ, ಅಡಗಿ ಮನ್ಯಾಗಿಂದ ಗಾಣದ ಎಣ್ಣಿ ತಂದು ಹಚ್ಚಿದೆ."

ಗ್ಯಾರೇಜಿನಲ್ಲಿ ಕುಳಿತಿದ್ದ ಇಬ್ಬರು ಗಿರಾಕಿಗಳು ಗೊಳ್ಳೆಂದು ನಕ್ಕರು. ಮಿಸ್ತ್ರಿ ನಗಲಿಲ್ಲ. "ಯಜ್ಜಾರ, ಚಕ್ಕಡಿ ಗಾಲಿ ಸರಾಗ ತಿರಗಬೇಕಂತ ಎಣ್ಣಿ ಬಿಡ್ತೀವಿ. ಇದು ಗಾಲಿ ಹಿಡ್ಯಾದು. ಉಜ್ಜಿದ್ರನ ಹಿಡೀತೈತಿ. ಎಣ್ಣಿ ಬಿದ್ರ ಜಾರ್ತೈತಿ," ಎಂದು ಎರಡು ಅಂಗೈ ಒತ್ತಿ ತೋರಿಸಿದ. ಅಪ್ಪ ತಲೆಯಾಡಿಸಿದ. ತಾನು ಮಾಡಿದ್ದು ಏನೆಂದು ಅವನಿಗೆ ಆಗ ಪೂರ್ತಿ ತಿಳಿಯಿತು. ಮುಖ ಬಾಡಿತು. ಕಂಬಳಿ ಸುತ್ತಿಕೊಂಡು ಬಾಗಿಲ ಕಡೆಗೆ ಸರಿದು ನಿಂತ.

"ನಾ ಇನ್ನ ಗಾಡಿ ಮುಟ್ಟಂಗಿಲ್ಲ," ಎಂದ. "ಹತ್ತಂಗೂ ಇಲ್ಲ. ನನ್ನ ಕೈಲೆ ನಿನ್ನ ಜೀವ ಹೋಗ್ತಿತ್ತು. ನಾ ಜೀಪಿಗೆ ಹೊಕ್ಕೇನಿ, ನೀ ಹಿಂದಿಂದ ಬಾ."

ಅಪ್ಪ ಆಡಿದ ಮಾತು ತಿರುಗಿಸುವವನಲ್ಲ. ಟಗರು ಮಾರಿದ ದಿನವೂ ಹೀಗೆಯೇ ಒಂದೇ ಮಾತು. ಇನ್ನು ಇವನು ನನ್ನ ಹಿಂದೆ ಕೂರುವುದಿಲ್ಲ, ಅಮಾವಾಸ್ಯೆಗೆ ಗಾಡಿ ತೊಳೆಯುವುದಿಲ್ಲ, ಮನೆಯ ಮೂಲೆ ಹಿಡಿಯುತ್ತಾನೆ ಎಂದು ನನಗೆ ಭಯವಾಯಿತು. ರಸ್ತೆಯ ಮೇಲೆ ಆದ ಭಯಕ್ಕಿಂತ ಇದು ದೊಡ್ಡದಿತ್ತು. ಮಿಸ್ತ್ರಿಯ ಕಡೆ ತಿರುಗಿ, "ಲಗೂನ ಹೊಸಾವು ಹಾಕ್ರಿ," ಎಂದೆ.

ಅವನು ಮೂರು ಡಬ್ಬಿ ತಂದಿಟ್ಟ. ಒಂದು ಹೆಸರೂ ಸರಿಯಾಗಿ ಅಚ್ಚಾಗದ ಅಗ್ಗದ್ದು. ಒಂದು ನಡುವಿನದು. ಇನ್ನೊಂದು ಗಾಡಿ ಮಾಡಿದ ಕಂಪನಿಯದೇ, ಅಗ್ಗದ್ದರ ಐದು ಪಟ್ಟು ಬೆಲೆ. ನಿಮಗೆ ನಗು ಬರಬಹುದು, ಅಷ್ಟೆಲ್ಲ ಆದ ಮೇಲೂ ನನ್ನ ಕೈ ಹೋದದ್ದು ಅಗ್ಗದ ಡಬ್ಬಿಗೆ. ತಿಂಗಳ ಕೊನೆ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಯಾವುದಾದರೂ ಒಂದು ದಿನ ಸವೆಯುವುದೇ ಅಲ್ಲವೇ ಎಂದೆಲ್ಲ ಮನಸ್ಸು ಲೆಕ್ಕ ಹಾಕಿಬಿಟ್ಟಿತು. "ಇದು ನಡಿಯಂಗಿಲ್ಲೇನ್ರಿ?" ಎಂದು ಕೇಳಿದೆ.

ಮಿಸ್ತ್ರಿ ಸುಳ್ಳು ಹೇಳುವವನಲ್ಲ. "ನಡೀತೈತ್ರಿ. ವಾರಕ್ಕೊಮ್ಮೆ ಸಂತಿಗೆ ಹೋಗಾವ್ರಿಗೆ ಇದನ್ನ ಹಾಕಿ ಕೊಡ್ತೇನಿ. ನೀವು ದಿನಾ ಕನಮಡಿತನಕ ಹೋಗಾವ್ರು. ಮಳ್ಯಾಗ ಇದು ತಡಾ ಮಾಡಿ ಹಿಡೀತೈತಿ. ಇನ್ನ ನೀವು ನೋಡ್ರಿ."

ತಡ ಎಂದರೆ ಎಷ್ಟು ತಡ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಅಪ್ಪ ಮಾತಾಡಿದ.

"ಅರ್ಧಾ ಔಷಧ ಕುಡಿಸಿದ್ರ ಅರ್ಧಾ ಹುಳಾ ಸಾಯಂಗಿಲ್ಲ. ಹಿಂದಿಂದ ಕುರಿ ಸಾಯ್ತಾವು."

ನಾನು ನಾಚಿ ನೀರಾದೆ. ಅಷ್ಟು ದಿನದ ಹಿಂದೆ ನಾನು ಓಣಿಯಲ್ಲಿ ನಿಂತು ಬೈದದ್ದನ್ನು ಅಪ್ಪ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಗಿರಾಕಿಗಳು ಅವನ ಮುಖ ನೋಡಿದರು. ಅಪ್ಪ ಅವರ ಕಡೆ ತಿರುಗಿ, "ಈ ಮಾತು ನನ್ನದಲ್ರಿ. ನನ್ನ ಮಗಳದು. ದನದ ಡಾಕ್ಟರ್ ಅಕ್ಕಾರು ಅಂದ್ರ ಕನಮಡಿತನಕ ಗೊತ್ತೈತಿ," ಎಂದ. ಅಷ್ಟು ಸೋತು ನಿಂತವನ ಬಾಯಲ್ಲಿ ಆ ಮಾತು ಬಂದದ್ದು ಕೇಳಿ ಅಗ್ಗದ ಡಬ್ಬಿಯನ್ನು ಆಚೆ ಸರಿಸಿದೆ. ಕಂಪನಿಯ ಡಬ್ಬಿಯನ್ನು ನಾನೇ ಒಡೆದು ಮಿಸ್ತ್ರಿಯ ಕೈಗೆ ಕೊಟ್ಟೆ. ಚೌಕಾಶಿ ಮಾಡಲಿಲ್ಲ. ನನ್ನ ಜನ್ಮದಲ್ಲಿ ಚೌಕಾಶಿ ಇಲ್ಲದೆ ಕೊಂಡ ವಸ್ತು ಅದೊಂದೇ ಇರಬೇಕು.

ಮಿಸ್ತ್ರಿ ಡಿಸ್ಕಿನ ಮೇಲಿನ ಎಣ್ಣೆಯನ್ನೆಲ್ಲ ತೆಗೆದು, ಹೊಸ ಪ್ಯಾಡ್ ಕೂಡಿಸಿ, ತಾನೇ ಎರಡು ಸುತ್ತು ಹೊಡೆದು ನೋಡಿದ. ಮೊದಲು ಸ್ವಲ್ಪ ದೂರ ನಿಧಾನ ಹೋಗಿ, ಹಿಡಿಯುತ್ತ ಬಿಡುತ್ತ ಹೋದರೆ ಪ್ಯಾಡ್ ಕೂಡಿಕೊಳ್ಳುತ್ತದೆ ಎಂದ. ನಾನು ರೊಕ್ಕ ಕೊಟ್ಟು ತಿರುಗುವಷ್ಟರಲ್ಲಿ ಬಾಗಿಲಲ್ಲಿ ಅಪ್ಪ ಇರಲಿಲ್ಲ. ಬಬಲೇಶ್ವರದ ಜೀಪು ನಿಲ್ಲುವಲ್ಲಿ, ನೆರಳಿನಲ್ಲಿ ನಿಂತಿದ್ದ.

ಗಾಡಿಯನ್ನು ಅವನ ಮುಂದೆ ತಂದು ನಿಲ್ಲಿಸಿದೆ. "ಯಪ್ಪಾ, ಹತ್ತು."

"ಇಲ್ಲ."

"ತಪ್ಪು ನಂದು ಯಪ್ಪಾ. ಮಿಸ್ತ್ರಿ ಎರಡು ತಿಂಗಳ ಹಿಂದನ ಹೇಳಿದ್ದ, ನಾ ರೊಕ್ಕಾ ಉಳಸಾಕ ಹೋಗಿ ಬದಲಿ ಮಾಡಸಲಿಲ್ಲ. ನಾ ಮಾಡಿಸಿದ್ರ ಅದು ಕೂಗತಿರಲಿಲ್ಲ, ನೀ ಎಣ್ಣಿ ಹಚ್ಚತಿರಲಿಲ್ಲ."

ಅಪ್ಪ ಜೀಪು ಬರುವ ಕಡೆ ನೋಡುತ್ತ ನಿಂತ. ನನಗೂ ಹಟ ಬಂತು.

"ಆತು, ಹೋಗು. ಮುಂದ ಮತ್ತ ಕುರಿ ಅಡ್ಡ ಬಂದ್ರ ಹಾದಿ ಬಿಡಸಾವ್ರು ಯಾರು? ಬ್ರೇಕು ನಾ ಹಿಡೀತೇನಿ. ಕೂಗಾಕ ನನಗ ಬರ್ತೈತೇನು?"

ಅಪ್ಪ ನನ್ನನ್ನೇ ನೋಡಿದ. ಆಮೇಲೆ ಬಗ್ಗಿ ಮುಂದಿನ ಗಾಲಿ ನೋಡಿದ, ಮುಟ್ಟಲಿಲ್ಲ. "ಹಿಡಿ, ನೋಡೋಣ," ಎಂದ. ಹಿಡಿಕೆ ಒತ್ತಿ ಹಿಡಿದೆ. ಅವನು ಹ್ಯಾಂಡಲ್ ಹಿಡಿದು ತನ್ನ ಬಲವೆಲ್ಲ ಹಾಕಿ ಗಾಡಿಯನ್ನು ಮುಂದಕ್ಕೆ ನೂಕಿದ. ಗಾಲಿ ಅಲುಗಲಿಲ್ಲ. ಕಂಬಳಿ ಹೆಗಲಿಗೆ ಹಾಕಿಕೊಂಡು, ನನ್ನ ಹೆಗಲು ಹಿಡಿದು, ಹತ್ತಿ ಕುಳಿತ. ಎಮ್ಮೆಯ ಗಾಯ ನೋಡಿ, ಅಲ್ಲಿಂದ ಬಬಲೇಶ್ವರದ ತನಕ ಹಿಡಿಯುತ್ತ ಬಿಡುತ್ತ, ಚಕ್ಕಡಿಯ ನಡಿಗೆಯಲ್ಲೇ ಹೋದೆವು. ಹಾದಿಯಲ್ಲಿ ಎರಡು ಬಸ್ಸು ನಮ್ಮನ್ನು ದಾಟಿದವು. ಇಬ್ಬರೂ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಬಬಲೇಶ್ವರದ ಚಹಾದ ಅಂಗಡಿಯ ಮುಂದೆ ಇಳಿದೆವು. ಕಟ್ಟೆಯ ಮೇಲೆ ಅದೇ ಜೊತೆಗಾರ. "ಬಂದ ನೋಡ್ರಿ, ಮಗಳ ಹಿಂದ ಕುಂತು ತಿರಗಾವ," ಎಂದ. ಎಲ್ಲರೂ ನಕ್ಕರು. ಈ ಸಲ ಅಪ್ಪ ನಗಲಿಲ್ಲ. ಕಟ್ಟೆಯ ಮೇಲೆ ಜಾಗ ಮಾಡಿಕೊಂಡು ಕುಳಿತ, ನನ್ನನ್ನೂ ಪಕ್ಕದಲ್ಲಿ ಕೂಡಿಸಿಕೊಂಡ, ಎರಡು ಚಹಾ ಹೇಳಿದ. ಆಮೇಲೆ ಸಾವಕಾಶವಾಗಿ ಜೊತೆಗಾರನ ಕಡೆ ತಿರುಗಿದ.

"ಅಲ್ಲಲೇ, ನಿನ್ನ ವಾರಿಗಿಯವ ನಾನು, ಇಬ್ರೂ ಕೂಡೇ ಕುರಿ ಕಾದೇವಿ. ಕಾಯವ ಎಲ್ಲಿರ್ತಾನ ಹೇಳು? ಹಿಂಡಿನ ಮುಂದೋ, ಹಿಂದೋ?"

"ಹಿಂದ," ಎಂದ ಜೊತೆಗಾರ, ಎಂದ ಮೇಲೆ ನನ್ನ ಕಡೆ ನೋಡಿದ. ಅಪ್ಪ ಬಟ್ಟಲಿಗೆ ಚಹಾ ಸುರಿದುಕೊಂಡು ಊದಿ ಕುಡಿದ. ಅವತ್ತು ಎರಡನೆಯ ಚಹಾ ಆಗುವ ತನಕ ಅವನು ಕಟ್ಟೆ ಬಿಟ್ಟು ಏಳಲಿಲ್ಲ.