ಪಂಪ್ ತೋರಿಸಿ ಹೋಗಿ

ಅಲರ್ಜಿಯ ಉಬ್ಬಸವನ್ನು ಅಧ್ಯಯನ ಮಾಡಿದವರು ಹಲವರಿದ್ದಾರೆ. ಆ ಅಧ್ಯಯನವನ್ನು ಪ್ರಯೋಗಾಲಯದಿಂದ ರೋಗಿಗಳ ಬೆಂಚಿನವರೆಗೆ ಕೈಹಿಡಿದು ಕರೆತಂದವರು ವಿರಳ. ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಡಾಕ್ಟರಮ್ಮ ಆ ವಿರಳರಲ್ಲಿ ಒಬ್ಬರು.

ದೇಹದ ರಕ್ಷಣಾ ವ್ಯವಸ್ಥೆಗೆ ಲಗಾಮು ಹಾಕುವ ನಿಯಂತ್ರಕ ಕೋಶಗಳನ್ನು ಅವರು ವರ್ಷಗಟ್ಟಲೆ ಇಲಿಗಳಲ್ಲಿ ಹುಡುಕಿದರು. ಕೊನೆಗೆ ಇಲಿಗಳ ಕೂದಲೇ ಆಗದೆ ಅವರಿಗೂ ಉಬ್ಬಸ ಅಂಟಿಕೊಂಡಿತು. "ಅವುಗಳ ಶಾಪ ತಟ್ಟಿತು ಕಣ್ರೇ" ಎಂದು ನಗುತ್ತಲೇ ಆಸ್ಪತ್ರೆಗೆ ಮರಳಿದರು.

ಅಲರ್ಜಿಯನ್ನು ಹೊತ್ತಿಸುವ ಐಜಿಇ ಎಂಬ ಪ್ರತಿಕಾಯವನ್ನು ಇನ್ನೊಂದು ಪ್ರತಿಕಾಯದಿಂದಲೇ ಕಟ್ಟಿಹಾಕುವ ಚುಚ್ಚುಮದ್ದನ್ನು ಈ ಆಸ್ಪತ್ರೆಯಲ್ಲಿ ಮೊದಲು ಕೊಟ್ಟವರು ಅವರೇ. "ಇದು ಕಳ್ಳನ ಕೈ ಹಿಡಿಯುತ್ತೆ, ಉಸಿರಿನ ಬಾಗಿಲು ಮುಚ್ಚಿದರೆ ತೆರೆಯಲ್ಲ. ಬಾಗಿಲಿಗೆ ಪಂಪೇ ಬೇಕು" ಎನ್ನುತ್ತಿದ್ದರು. ಗುರುವಾರಗಳಂದು ಚುಚ್ಚಿಸಿಕೊಂಡವರು ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕುಳಿತು, ಹೊರಡುವಾಗ ಬಾಗಿಲಲ್ಲಿ ಜೇಬಿನಿಂದ ಪಂಪ್, ಅಂದರೆ ಉಸಿರು ಕಟ್ಟಿದಾಗ ಬಾಯಿಗೆ ಎಳೆದುಕೊಳ್ಳುವ ಇನ್‌ಹೇಲರ್, ತೆಗೆದು ತೋರಿಸಬೇಕು. ಮರೆತವರನ್ನು ಮನೆಗೆ ಅಟ್ಟಿ ತರಿಸುತ್ತಿದ್ದರು.

ಆ ಕಟ್ಟಳೆ ಒಮ್ಮೆ ಮಾತ್ರ ಸಡಿಲವಾಯಿತು. ಅವರ ಕೈಕೆಳಗೇ ಕೆಲಸ ಕಲಿತು ಮಗಳಂತಾಗಿದ್ದ ಶಿಷ್ಯೆಯೊಬ್ಬಳ ಗಂಡ, ಈಜು ಕಲಿಸುವವನು, ಈ ಮದ್ದಿನಿಂದ ಮತ್ತೆ ನೀರಿಗಿಳಿದಿದ್ದ.

"ಪಂಪೆಲ್ಲಪ್ಪಾ ಅಳಿಯ?"

"ಮನೇಲಿದೆ ಅತ್ತೆ. ಈಗ ಅದರ ಹಂಗೇ ಇಲ್ಲ."

"ಮುಂದಿನ ಸಲ ಕಿವಿ ಹಿಂಡ್ತೀನಿ" ಎಂದು, ಸಲಿಗೆಯಿಂದ, ಬಿಟ್ಟುಬಿಟ್ಟರು. ಮುಂದಿನ ಸಲ ಅವನು ಬರಲಿಲ್ಲ. ಧೂಳೆದ್ದ ಸಂಜೆಯೊಂದರಲ್ಲಿ ಈಜುಕೊಳದ ಕಚೇರಿಯಲ್ಲೇ ಉಸಿರು ಕಟ್ಟಿ ತೀರಿಕೊಂಡ. ಪಂಪ್ ಮನೆಯ ಕಪಾಟಿನಲ್ಲಿತ್ತು.

ಡಾಕ್ಟರಮ್ಮ ಶಿಷ್ಯೆಗೆ ಸಮಾಧಾನ ಹೇಳಲಿಲ್ಲ. ವಾರವಾರವೂ ಅವಳ ಮನೆಗೆ ಬಂದು, ಒಣಗಿದ ಬಟ್ಟೆ ಮಡಚಿಟ್ಟು ಹೋಗುತ್ತಿದ್ದರು. ಅವಳನ್ನು ಕೆಲಸಕ್ಕೆ ಮರಳಿ ಕರೆತಂದವರೂ ಅವರೇ. ಆದರೆ ನಿವೃತ್ತಿಯ ನಂತರವೂ ಗುರುವಾರಗಳಂದು ಬನ್ನಿ ಎಂದು ಆಸ್ಪತ್ರೆ ಕೇಳಿದಾಗ ಒಪ್ಪಲಿಲ್ಲ. "ಒಬ್ಬನನ್ನ ಪಂಪ್ ತರೋಕೆ ವಾಪಸ್ ಮನೆಗೆ ಕಳಿಸೋಕಾಗ್ಲಿಲ್ಲ. ಇನ್ನು ನಾನು ಯಾರನ್ನ ಪಂಪ್ ಕೇಳಲಿ ಹೇಳು?" ಎಂದರು ಶಿಷ್ಯೆಗೆ.

ಕೊನೆಯ ಗುರುವಾರ ಪುಸ್ತಕಗಳನ್ನು ಕಟ್ಟುವಾಗ ಧೂಳಿಗೆ ಅವರ ಎದೆ ಸಿಳ್ಳೆ ಹಾಕಿತು.

"ಮೇಡಂ, ಪಂಪ್ ತೋರಿಸಿ" ಎಂದಳು ಶಿಷ್ಯೆ.

ಚೀಲ ತಡಕಾಡಿದರು. "ಮನೇಲಿದೆ..." ಎಂದರು.

"ಹೋಗಿ ತನ್ನಿ. ಬೆಂಚು ಕಾಯುತ್ತೆ."

ಹೋದರು. ಆ ದಿನ ಅವನನ್ನೂ ಹೀಗೇ ಅಟ್ಟಿದ್ದರೆ ಎಂಬುದು ಇಬ್ಬರ ಮನಸ್ಸಿನಲ್ಲೂ ಇತ್ತು. ಮರಳಿ ಬಂದು, ಮುಖ ಗಂಟಿಕ್ಕಿಕೊಂಡೇ ಪಂಪ್ ಎತ್ತಿ ತೋರಿಸಿದಾಗ, ಬೆಂಚಿನ ಮೇಲಿದ್ದವರೆಲ್ಲ ನಗುತ್ತಾ ತಮ್ಮತಮ್ಮದನ್ನು ಹೊರತೆಗೆದರು. ಡಾಕ್ಟರಮ್ಮ ಒಂದೊಂದನ್ನೂ ನೋಡಿದರು.

ಅವರ ಉಸಿರು ನೀಳವಾಗಿರಲಿ, ಪಂಪ್ ಚೀಲದಲ್ಲಿರಲಿ. ಮುಂದಿನ ಗುರುವಾರವೂ ಆ ಬಾಗಿಲಲ್ಲಿ ಪಂಪ್ ಕೇಳುವವರು ಅವರೇ ಆಗಿರಲಿ.